ಕೋಟೆ ಬಿದ್ದಾಗ ದೇವಿ ಸೋತಳೇ?

ಹೈದರಾಲಿಯ ಸೈನ್ಯ ಚಿತ್ರದುರ್ಗವನ್ನು ಮುತ್ತಿದ್ದ ದಿನಗಳಲ್ಲಿ ಕೋಟೆಯೊಳಗಿನ ಬೇಡರ ಪಡೆ ಪ್ರತಿ ಸೋಮವಾರ ಒಂದು ವ್ರತವನ್ನು ನಡೆಸುತ್ತಿತ್ತೆಂದು ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ದೇವಿಯ ಪೂಜೆ ಮುಗಿಯುತ್ತಲೇ ಕೊಂಬು ಮೊಳಗುತ್ತಿತ್ತು. ಪಡೆ ಯಾವುದೋ ದಿಡ್ಡಿಯಿಂದ ಹೊರಗೆ ನುಗ್ಗಿ, ಶತ್ರುಪಾಳೆಯದಿಂದ ತಲೆಗಳನ್ನು ತಂದು ದೇವಿಗೆ ಒಪ್ಪಿಸುತ್ತಿತ್ತು. ನಾಲ್ಕಾರು ಸಲ ಹೀಗಾದ ಮೇಲೆ ಕೊಂಬಿನ ದನಿ ಕೇಳಿದ ಕೂಡಲೇ ಪಾಳೆಯದವರಿಗೆ ಎಲ್ಲವೂ ತಿಳಿಯುತ್ತಿತ್ತು. ಯಾವ ಕಡೆಯಿಂದ ಬರುತ್ತಾರೆ ಎಂಬುದೊಂದು ಮಾತ್ರ ತಿಳಿಯುತ್ತಿರಲಿಲ್ಲ. ಪೂಜೆ ತಪ್ಪದೆ ನಡೆಯುವವರೆಗೆ ದುರ್ಗ ಬೀಳದು ಎಂಬುದು ಒಳಗಿನವರ ನಂಬಿಕೆಯಾಗಿತ್ತು. 1779ರಲ್ಲಿ ದುರ್ಗ ಬಿತ್ತು. ಗೆದ್ದವರು ಒಳಹೊಕ್ಕಾಗ ಗುಡಿಯ ಎದುರು ಎರಡು ಸಾವಿರದಷ್ಟು ತಲೆಗಳು ಸಣ್ಣ ಸಣ್ಣ ಗೋಪುರಗಳಂತೆ ಸಾಲಾಗಿ ಒಟ್ಟಿದ್ದವಂತೆ. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು. ಈ ಸಂಗತಿ ನಡೆದು ದಶಕಗಳಾದ ಮೇಲೆ, ಕೇಳಿದ್ದನ್ನೂ ಓದಿದ್ದನ್ನೂ ಸೇರಿಸಿ ಬರೆದವನು. ದುರ್ಗದ ಹಲವು ಶಕ್ತಿದೇವತೆಗಳನ್ನು ಅವನು ಕಾಳಿ ಎಂಬ ಒಂದೇ ಹೆಸರಿನಲ್ಲಿ ಅಡಗಿಸಿದ. ತಲೆಗಳ ಲೆಕ್ಕವನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಆ ಲೆಕ್ಕವನ್ನು ಎಷ್ಟೇ ಇಳಿಸಿದರೂ ಅದರ ಹಿಂದಿನ ಪ್ರಶ್ನೆ ಇಳಿಯುವುದಿಲ್ಲ. ಕೊಡಬೇಕಾದದ್ದನ್ನು ಒಳಗಿನವರು ಕೊಟ್ಟಿದ್ದರು, ಸಿಗಬೇಕಾದದ್ದು ಸಿಗಲಿಲ್ಲ. ಹಾಗಾದರೆ ದೇವಿ ಸೋತಳೇ? ಸೋತಿದ್ದರೆ, ಇನ್ನೂರ ನಲವತ್ತಕ್ಕೂ ಹೆಚ್ಚು ವರ್ಷಗಳ ಮೇಲೂ ಅದೇ ಬೆಟ್ಟದ ಗುಡಿಗಳಲ್ಲಿ ದೀಪ ಹಚ್ಚುವವರು ಯಾವುದನ್ನು ನಂಬಿ ಹಚ್ಚುತ್ತಾರೆ?

ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳಿವೆ, ಎರಡೂ ನನಗೆ ಒಪ್ಪಿಗೆಯಿಲ್ಲ. ದೇವರೇ ಇಲ್ಲ, ಇದ್ದದ್ದು ಹೆದರಿದ ಜನರ ಕಲ್ಪನೆ, ಆದ್ದರಿಂದ ಸೋಲು ಗೆಲುವಿನ ಮಾತೇ ಅಸಂಬದ್ಧ ಎನ್ನುವುದು ಒಂದು. ದೇವರ ಸಂಕಲ್ಪ ನಮಗೆ ತಿಳಿಯದು, ಸೋಲೂ ಅವನ ಲೀಲೆ ಎನ್ನುವುದು ಇನ್ನೊಂದು. ಮೊದಲನೆಯದು ಉಳಿದುಬಂದ ದೀಪವನ್ನು ವಿವರಿಸುವುದಿಲ್ಲ. ಎರಡನೆಯದು ಯಾವ ಊರಿಗೂ ಯಾವ ಕಾಲಕ್ಕೂ ಹೊಂದುವಂಥದ್ದು, ಹಾಗಾಗಿ ದುರ್ಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದೇ ಬೆಟ್ಟದ ಮೇಲೆ ಒಂದೇ ದೇವತೆಯ ಸುತ್ತ ಎರಡು ಬೇರೆ ಬೇರೆ ಬಗೆಯ ಸಂಬಂಧಗಳಿದ್ದವು ಎಂಬುದು ನನ್ನ ವಾದ. ಅರಮನೆ ಮತ್ತು ದಂಡು ದೇವಿಯೊಂದಿಗೆ ಮಾಡಿಕೊಂಡದ್ದು ಒಡಂಬಡಿಕೆ: ನಾವು ಇಷ್ಟು ಕೊಡುತ್ತೇವೆ, ನೀನು ಕೋಟೆ ಕಾಯಿ. ಬೆಟ್ಟದ ಬುಡದ ಜನ ಅವಳೊಂದಿಗೆ ಇಟ್ಟುಕೊಂಡದ್ದು ನಂಟು. 1779ರಲ್ಲಿ ಮುರಿದದ್ದು ಒಡಂಬಡಿಕೆ. ನಂಟು ಮುರಿಯಲಿಲ್ಲ, ಏಕೆಂದರೆ ಗೆಲುವಿನ ಷರತ್ತಿನ ಮೇಲೆ ಅದು ನಿಂತೇ ಇರಲಿಲ್ಲ.

ಒಡಂಬಡಿಕೆ ಹೇಗೆ ಬೆಳೆಯಿತು ಎಂಬುದನ್ನು ತಿಳಿಯಲು ಈ ರಾಜಧಾನಿ ಹುಟ್ಟಿದ ಬಗೆಯನ್ನು ನೋಡಬೇಕು. ದುರ್ಗದ ನಾಯಕ ಮನೆತನದ ಅಧಿಕಾರ ದುರ್ಗದಲ್ಲಿ ಮೊದಲಾದದ್ದಲ್ಲ. ವಿಜಯನಗರದ ಅರಸರು ಹದಿನಾರನೆಯ ಶತಮಾನದಲ್ಲಿ ತಿಮ್ಮಣ್ಣ ನಾಯಕನನ್ನು ಮೊದಲು ಹೊಳಲ್ಕೆರೆಗೆ ನಾಯಕನನ್ನಾಗಿ ನೇಮಿಸಿದರು, ಆಮೇಲೆ ಹಿರಿಯೂರಿಗೆ ಕಳಿಸಿದರು, ಕೊನೆಗೆ ಚಿತ್ರದುರ್ಗಕ್ಕೆ. ದನ ಕಾಯುವ, ಬೇಟೆಯಾಡುವ ಸಮುದಾಯದಿಂದ ಬಂದ ಮನೆತನ ಮೂರು ಊರು ದಾಟಿ ಬಂಡೆಯ ಮೇಲೆ ನೆಲೆಯೂರಿತು. ವಿಜಯನಗರ ಬಿದ್ದ ಮೇಲೆ ಆ ನೆಲೆ ತಾನೇ ರಾಜಧಾನಿಯಾಯಿತು. ಹೊಸದಾಗಿ ಎದ್ದ ಅರಸೊತ್ತಿಗೆಗೆ ವಂಶದ ಹಿರಿಮೆ ಸಾಲದೇ ಹೋದಾಗ ದೇವರ ಬೆಂಬಲ ಬೇಕಾಗುತ್ತದೆ. ಉಚ್ಚಂಗಿದುರ್ಗದ ಉಚ್ಚಂಗಮ್ಮ ನಾಯಕರ ಮನೆದೇವತೆಯಾದಳು. ಬೆಟ್ಟದ ಮೇಲಿನ ಏಕನಾಥೇಶ್ವರಿ ಕೋಟೆಯ ಕಾವಲಿನವಳಾದಳು. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಗೋಪಾಲಸ್ವಾಮಿ ಗುಡಿಗಳ ಎದುರು ದೀಪಸ್ತಂಭಗಳೂ ಉಯ್ಯಾಲೆಕಂಬಗಳೂ ಎದ್ದವು. 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕ ಕಟ್ಟಿಸುವುದರಲ್ಲಿ ಎಲ್ಲರನ್ನೂ ಮೀರಿದವನು. ಗುಡಿಗಳಿಗೂ ಕೆರೆಗಳಿಗೂ ಕೈಬಿಚ್ಚಿ ಕೊಟ್ಟಂತೆಯೇ ಮುರುಘಾ ಪರಂಪರೆಯ ಗುರುಗಳಿಗೆ ಬಯಲಿನಲ್ಲಿ ಬೃಹನ್ಮಠವನ್ನು ಕಟ್ಟಿಸಿಕೊಟ್ಟ. ಬೇಡ ಅರಸನಿಗೆ ಲಿಂಗಾಯತ ಗುರು, ಶಕ್ತಿದೇವತೆಯ ಪಕ್ಕದಲ್ಲಿ ಗೋಪಾಲಸ್ವಾಮಿ: ಈ ಉದಾರತೆಯನ್ನು ನಾವು ಹೊಗಳುತ್ತೇವೆ, ಹೊಗಳಲೂ ಬೇಕು. ಅದೇ ಹೊತ್ತಿಗೆ ಇದು ರಾಜ್ಯವನ್ನು ಗಟ್ಟಿಮಾಡುವ ಕೆಲಸವೂ ಆಗಿತ್ತು. ಏಳು ಸುತ್ತಿನ ಕೋಟೆಯ ಪ್ರತಿ ಸುತ್ತಿಗೂ ಒಬ್ಬ ದೈವವನ್ನು ಸಾಕ್ಷಿಯಾಗಿ ನಿಲ್ಲಿಸಿದಂತೆ ಅರಸೊತ್ತಿಗೆ ತನ್ನನ್ನು ಕಟ್ಟಿಕೊಂಡಿತು. ಮುತ್ತಿಗೆಯ ದಿನಗಳ ಆ ಸೋಮವಾರದ ವ್ರತ ಇದೇ ಏರ್ಪಾಡಿನ ಕೊನೆಯ, ಅತ್ಯಂತ ಉಗ್ರವಾದ ರೂಪ.

ರಾಜಧಾನಿ ಬಿದ್ದಾಗ ಅದರ ದೈವಗಳಿಗೆ ಏನಾಗುತ್ತದೆ ಎಂಬುದು ದುರ್ಗವೊಂದರ ಪ್ರಶ್ನೆಯಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸಾಲಿನಲ್ಲಿ, ಸಮುದ್ರಮಟ್ಟದಿಂದ 2,850 ಮೀಟರ್ ಎತ್ತರದಲ್ಲಿ ಕೀಟೊ ಎಂಬ ನಗರವಿದೆ. ಇಂದು ಅದು ಈಕ್ವೆಡಾರಿನ ರಾಜಧಾನಿ. ಅಲ್ಲಿ ಇಂಕಾಗಳ ಊರಿತ್ತು. ಸ್ಪೇನಿನವರ ಕೈಗೆ ಸಿಗಬಾರದೆಂದು ಇಂಕಾ ಸೇನಾನಿ ರುಮಿನ್ಯಾವಿ ಅದನ್ನು ಸುಟ್ಟ. ಆ ಬೂದಿಯ ಮೇಲೆಯೇ 1534ರ ಡಿಸೆಂಬರಿನಲ್ಲಿ ಸ್ಪೇನಿನ ಸೇನಾನಿ ಬೆನಾಲ್ಕಾಸರ್ ಹೊಸ ನಗರವನ್ನು ಹುಟ್ಟುಹಾಕಿದ. ಕೆಲವೇ ವರ್ಷಗಳಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ದೊಡ್ಡ ಮಠವನ್ನು ಕಟ್ಟುವ ಕೆಲಸ ಮೊದಲಾಯಿತು. ಇಂಕಾಗಳ ರಾಜಧಾನಿಯಾಗಿದ್ದ ಕುಸ್ಕೊ ನಗರದಲ್ಲಿ ಅವರ ಸೂರ್ಯದೇಗುಲದ ಗೋಡೆಗಳ ಮೇಲೆಯೇ ಸಾಂಟೊ ಡೊಮಿಂಗೊ ಚರ್ಚನ್ನು ಕಟ್ಟಿದರು. ಸ್ಪೇನಿನವರ ತರ್ಕ ಸರಳವಾಗಿತ್ತು: ನಿಮ್ಮ ದೇವರು ಸೋತಿದ್ದಾನೆ, ಸೋತವನ ಜಾಗದಲ್ಲಿ ಗೆದ್ದವನು ಕೂರುತ್ತಾನೆ. ಎಂದರೆ ದೇವರು ಮತ್ತು ಜನರ ನಡುವೆ ಇರುವುದು ಒಡಂಬಡಿಕೆಯೇ ಎಂದು ಅವರು ನಂಬಿದ್ದರು. ಒಂದನ್ನು ಹರಿದು ಇನ್ನೊಂದನ್ನು ಬರೆದರೆ ಆಯಿತು. ಆದರೆ ಹಾಗಾಗಲಿಲ್ಲ. ಸ್ಪೇನಿನವರೇ ಗೆದ್ದ ಮೆಕ್ಸಿಕೊ ನಗರದ ಪಕ್ಕದ ತೆಪೆಯಾಕ್ ಗುಡ್ಡದಲ್ಲಿ ಮೇರಿಮಾತೆಯ ಗುಡಿಗೆ ಬರುವ ಸ್ಥಳೀಯರು ಅವಳನ್ನು ಇನ್ನೂ ಹಳೆಯ ತಾಯಿ ತೊನಾಂಟ್ಸಿನ್ ಎಂದೇ ಕರೆಯುತ್ತಾರೆಂದು ಹದಿನಾರನೆಯ ಶತಮಾನದ ಪಾದ್ರಿ ಸಹಗೂನ್ ದೂರಿದ್ದಾನೆ. ಅವನಿಗೆ ಅದು ಮೋಸವಾಗಿ ಕಂಡಿತು. ಜನರಿಗೆ ಅದು ಮೋಸವಾಗಿರಲಿಲ್ಲ. ಗುಡ್ಡದ ತಾಯಿಯ ಬಳಿ ಹೋಗುವ ದಾರಿ ಅವರ ಕಾಲಿಗೆ ಗೊತ್ತಿತ್ತು, ಅಷ್ಟೆ. ಅಲ್ಲಿ ಗೆದ್ದವರು ಗುಡಿಯನ್ನೇ ಬದಲಿಸಿದರೂ ಹಳೆಯ ಸಂಬಂಧ ಕಳಚಲಿಲ್ಲ. ದುರ್ಗದಲ್ಲಿ ಗುಡಿಗಳು ಹಳೆಯ ದೈವಗಳ ಹೆಸರಿನಲ್ಲಿಯೇ ಉಳಿದುವು. ಎರಡೂ ಕಡೆ ತಿಳಿದುಬರುವುದು ಒಂದೇ: ಗೆದ್ದವರು ದೇವರ ಬಗ್ಗೆ ಮಾಡಿಕೊಂಡ ಎಣಿಕೆ ಸೋತವರ ಎಣಿಕೆಯೊಂದಿಗೆ ಹೊಂದುತ್ತಿರಲಿಲ್ಲ.

ನಂಟು ಎಂದು ನಾನು ಕರೆಯುತ್ತಿರುವುದು ಬರೀ ಭಾವುಕ ಮಾತಲ್ಲ; ಈ ಸೀಮೆಯ ನೆಲವೇ ಅದಕ್ಕೆ ಸಾಕ್ಷಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೇರಿದ ಈ ಪ್ರದೇಶಕ್ಕೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಅದೂ ಒಂದು ವರ್ಷ ಬಂದರೆ ಎರಡು ವರ್ಷ ಕೈಕೊಡುತ್ತದೆ. ಇಲ್ಲಿ ದೇವರಲ್ಲಿ ಬೇಡುವುದು ಮೊದಲಿಗೆ ಮಳೆಯನ್ನು, ಮತ್ತು ಹೆಚ್ಚಿನ ಸಲ ಬೇಡಿಕೆ ಈಡೇರುವುದಿಲ್ಲ. ದೇವರು ಕೊಟ್ಟರೆ ಪೂಜೆ, ಕೊಡದಿದ್ದರೆ ಬಿಟ್ಟೆ ಎಂಬುದೇ ಇಲ್ಲಿನ ನಂಬಿಕೆಯ ನಿಯಮವಾಗಿದ್ದರೆ ಈ ಸೀಮೆಯಲ್ಲಿ ಒಂದು ಗುಡಿಯೂ ಮೂರು ತಲೆಮಾರು ಉಳಿಯುತ್ತಿರಲಿಲ್ಲ. ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟನ್ನೇ ನೋಡಿ. ಮೈಸೂರು ಸಂಸ್ಥಾನ 1907ರಲ್ಲಿ ಕಟ್ಟಿ ಮುಗಿಸಿ, ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿಯ ಹೆಸರಿನಲ್ಲಿ ಅದನ್ನು ವಾಣಿವಿಲಾಸ ಸಾಗರವೆಂದು ಕರೆಯಿತು. ಆ ಜಲಾಶಯ 1933ರಲ್ಲಿ ಕೋಡಿ ಬಿತ್ತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷ ಕಳೆದ ಮೇಲೆ. ಈ ನಡುವೆ ಹುಟ್ಟಿ, ಬೇಸಾಯ ಮಾಡಿ, ಕೆರೆ ತುಂಬಿದ್ದನ್ನು ನೋಡದೆಯೇ ತೀರಿಕೊಂಡವರ ಸಂಖ್ಯೆ ಸಣ್ಣದಲ್ಲ. ಕಣಿವೆಯ ಮಾರಮ್ಮನ ಗುಡಿ ಅಲ್ಲಿಯೇ ಇದೆ. ಆ ಎಂಬತ್ತೊಂಬತ್ತು ವರ್ಷಗಳಲ್ಲಿ ಅವಳ ಪೂಜೆ ನಿಲ್ಲಲಿಲ್ಲ. ಅವಳು ನೀರು ಕೊಡಲಿಲ್ಲವಾದ್ದರಿಂದ ಸೋತಳು ಎಂದು ಯಾರಿಗೂ ಅನಿಸಲಿಲ್ಲ. ಬರ ಕಂಡವರಿಗೆ ಕೋಟೆ ಬಿದ್ದದ್ದು ಹೊಸ ಪಾಠವಾಗಿರಲಿಲ್ಲ. ಕೇಳಿದ್ದು ಸಿಗದೇ ಹೋದರೂ ತಾಯಿ ತಾಯಿಯೇ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಹೈದರನ ಸೈನ್ಯ ಬರುವುದಕ್ಕಿಂತ ಎಷ್ಟೋ ಮೊದಲೇ ಈ ನೆಲ ಅದನ್ನು ಕಲಿಸಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಹಳ್ಳಿಯ ಭಕ್ತಿಯಲ್ಲಿ ಹರಕೆ ಇಲ್ಲವೇ? ಮಗು ಹುಟ್ಟಿದರೆ ಮುಡಿ ಕೊಡುತ್ತೇನೆ, ಜ್ವರ ಬಿಟ್ಟರೆ ಕೋಳಿ ಕೊಡುತ್ತೇನೆ, ಬೋರ್‌ವೆಲ್‌ನಲ್ಲಿ ನೀರು ಬಿದ್ದರೆ ಪರ ಮಾಡಿಸುತ್ತೇನೆ ಎನ್ನುವುದು ಒಡಂಬಡಿಕೆಯಲ್ಲದೆ ಮತ್ತೇನು? ಅರಮನೆ ತಲೆ ಕೊಟ್ಟಿತು, ಹಳ್ಳಿ ಕೋಳಿ ಕೊಡುತ್ತದೆ, ವ್ಯತ್ಯಾಸ ಬೆಲೆಯಲ್ಲಿ ಮಾತ್ರ ಎಂದು ಯಾರಾದರೂ ಹೇಳಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಆದರೆ ಹರಕೆಯಲ್ಲಿ ಯಾರು ಯಾರನ್ನು ಕಟ್ಟಿಹಾಕುತ್ತಾರೆ ಎಂಬುದನ್ನು ಗಮನಿಸಬೇಕು. ಹರಕೆ ಹೊತ್ತವನು ಕಟ್ಟಿಕೊಳ್ಳುವುದು ತನ್ನನ್ನು. ಕೆಲಸವಾದ ಮೇಲೆ ತೀರಿಸದಿದ್ದರೆ ತಪ್ಪು ಅವನದು. ಕೆಲಸವೇ ಆಗದಿದ್ದರೆ ದೇವರ ಮೇಲೆ ಸಾಲ ಉಳಿಯುವುದಿಲ್ಲ. ಬೈಯಬಹುದು, ಅಳಬಹುದು, ‘ನಿನಗೆ ಕಣ್ಣಿಲ್ಲವೇನೇ ತಾಯಿ’ ಎಂದು ಜಗಳವಾಡಬಹುದು; ಜಗಳ ಸಂಬಂಧದ ಒಳಗೇ ನಡೆಯುತ್ತದೆ. ಅರಮನೆಯ ವ್ರತ ಇದಕ್ಕೆ ತಿರುಗುಮುರುಗು. ಅಲ್ಲಿ ಕೊಡುವುದು ಮೊದಲು, ಮತ್ತು ಕೊಟ್ಟದ್ದರಿಂದ ದೇವಿ ಬದ್ಧಳಾಗಿದ್ದಾಳೆ ಎಂಬುದು ನಂಬಿಕೆ. ಪೂಜೆ ತಪ್ಪದಿರುವವರೆಗೆ ಕೋಟೆ ಬೀಳದು ಎಂಬ ಮಾತು ದೇವಿಯ ಕೈಗೆ ಹಾಕಿದ ಕೋಳ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳದ ಮುಂದೆ ಕುಳಿತು ಬೇಡಿಕೊಂಡವರಿಗೆ ನೀರಿನಲ್ಲಿ ಪ್ರಸಾದ ತೇಲಿ ಬರುತ್ತದೆಂಬ ನಂಬಿಕೆಯಿದೆ. ಅದನ್ನು ಹೇಗೆ ವಿವರಿಸಬೇಕೆಂಬುದು ಇಲ್ಲಿ ನನ್ನ ಕೆಲಸವಲ್ಲ. ಅಲ್ಲಿ ಕೂರುವ ಭಂಗಿ ನನಗೆ ಮುಖ್ಯ. ಬೇಡುವವರು ಕಾಯುತ್ತಾರೆ. ಗಂಗೆ ಕೊಡಲೇಬೇಕೆಂಬ ನಿಯಮ ಅಲ್ಲಿಲ್ಲ.

ಎರಡನೆಯ ಆಕ್ಷೇಪ ಮನಶ್ಶಾಸ್ತ್ರದ ಕಡೆಯಿಂದ ಬರುವಂಥದ್ದು. ಭರವಸೆ ಸುಳ್ಳಾದಾಗ ಜನ ನಂಬಿಕೆಯನ್ನು ಬಿಡುವ ಬದಲು ಒಂದು ನೆಪವನ್ನು ಹುಡುಕುತ್ತಾರೆ. ದುರ್ಗದ ಪತನಕ್ಕೂ ಅಂಥ ನೆಪ ಸಿದ್ಧವಾಗಿದೆ: ಒಳಗಿನವರ ದ್ರೋಹ. ಕೋಟೆಯೊಳಗಿನವರೇ ಕೆಲವರು ಹೈದರನಿಗೆ ಒಲಿದರೆಂದು ವಿಲ್ಕ್ಸ್ ಬರೆಯುತ್ತಾನೆ. ಜನರ ಬಾಯಲ್ಲೂ, ತ.ರಾ. ಸುಬ್ಬರಾಯರು ‘ದುರ್ಗಾಸ್ತಮಾನ’ದವರೆಗೆ ಬೆಳೆಸಿಕೊಂಡು ಬಂದ ಕಾದಂಬರಿಗಳಲ್ಲೂ ದ್ರೋಹ ದೊಡ್ಡ ಎಳೆ. ಆದ್ದರಿಂದ ದೇವಿ ಸೋಲಲಿಲ್ಲ, ಮನುಷ್ಯರು ಕೈಕೊಟ್ಟರು ಎಂದುಕೊಂಡು ಜನ ತಮ್ಮನ್ನು ತಾವೇ ಸಂತೈಸಿಕೊಂಡರು ಎನ್ನಬಹುದು. ಆದರೆ ಈ ಕಥೆಗಳನ್ನು ಸರಿಯಾಗಿ ಕೇಳಿದರೆ ಅವು ಕಾಪಾಡುತ್ತಿರುವುದು ದೇವಿಯ ಮಾನವನ್ನಲ್ಲ, ದುರ್ಗದ ಕೊನೆಯ ಅರಸ ಮದಕರಿ ನಾಯಕನ ಮತ್ತು ಅವನ ಜನರ ಮಾನವನ್ನು. ದೇವಿಯನ್ನು ಸಮರ್ಥಿಸುವ ಅಗತ್ಯವೇ ಅವುಗಳಿಗೆ ಕಾಣುವುದಿಲ್ಲ. ನೆಪ ಬೇಕಾಗುವುದು ಆರೋಪ ಬಂದಾಗ. ಇಲ್ಲಿ ಆರೋಪವೇ ಹುಟ್ಟಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಈ ಬೆಟ್ಟದ ಮೂಲಕಥೆಯೇ ಸೋಲಿನ ಕಥೆ. ಹಿಡಿಂಬನೆಂಬ ರಾಕ್ಷಸ ಇಲ್ಲಿದ್ದ, ಭೀಮ ಅವನನ್ನು ಕೊಂದ ಎಂಬುದು ಸ್ಥಳಪುರಾಣ. ಗೆದ್ದ ಭೀಮನ ಹೆಸರಿನಲ್ಲಿ ಇಲ್ಲಿ ಗುಡಿ ಏಳಬಹುದಿತ್ತು. ಬೆಟ್ಟದ ಶಿವ ಹಿಡಿಂಬೇಶ್ವರನಾದ. ಹಿಡಿಂಬನ ಹಲ್ಲೆಂದು ತೋರಿಸುವ ದೊಡ್ಡ ಎಲುಬನ್ನೂ ಭೀಮನದೆಂದು ಹೇಳುವ ಕಬ್ಬಿಣದ ನಗಾರಿಯನ್ನೂ ಒಂದೇ ಗುಡಿಯಲ್ಲಿ ಇಟ್ಟುಕೊಂಡದ್ದನ್ನು ಹಳೆಯ ಗ್ಯಾಸೆಟಿಯರ್ ದಾಖಲಿಸಿದೆ. ಪುರಾಣವನ್ನು ಇತಿಹಾಸವೆಂದು ನಾನು ಮಂಡಿಸುತ್ತಿಲ್ಲ. ಸೋತವನ ದೇವರು ಸುಳ್ಳಾಗುವುದಿಲ್ಲ ಎಂಬ ತಿಳಿವಳಿಕೆ ಈ ಊರಿಗೆ 1779ರ ನಂತರ ಹೊಳೆದ ಸಮಾಧಾನವಲ್ಲ, ಊರಿನಷ್ಟೇ ಹಳೆಯದು ಎಂದಷ್ಟೇ ಹೇಳುತ್ತಿದ್ದೇನೆ.

ಓಬವ್ವನ ನೆನಪು ಬೆಳೆದ ರೀತಿಯೂ ಇದೇ ಮಾತನ್ನು ಇನ್ನೊಂದು ಕಡೆಯಿಂದ ಹೇಳುತ್ತದೆ. ಕಾವಲುಗಾರನೊಬ್ಬ ಊಟಕ್ಕೆ ಹೋದಾಗ, ನೀರಿಗೆಂದು ಬಂದ ಅವನ ಹೆಂಡತಿ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದ ಕಥೆ ಕನ್ನಡಿಗರೆಲ್ಲರಿಗೂ ಗೊತ್ತು. ಅವಳನ್ನು ಛಲವಾದಿ ಸಮುದಾಯದವಳೆಂದು ನೆನೆಯುತ್ತಾರೆ. ಅರಮನೆಯ ಪೂಜೆಯಲ್ಲಿ ಅವಳಿಗೆ ಯಾವ ಪಾಲಿತ್ತೋ ಊಹಿಸುವುದು ಕಷ್ಟವಲ್ಲ. ಅವಳು ಉಳಿಸಿದ ಕೋಟೆ ಆಮೇಲೆ ಬಿದ್ದೇಬಿತ್ತು. ಗೆಲುವಿನಿಂದಲೇ ಪವಿತ್ರತೆ ಅಳೆಯುವುದಾದರೆ ಅವಳ ಕೆಲಸ ವ್ಯರ್ಥ. ಆದರೆ ಇಂದು ಕೋಟೆ ಹತ್ತುವವರು ಕೈಮುಗಿಯುವ ತಾಣಗಳಲ್ಲಿ ಆ ಕಿಂಡಿಯೂ ಒಂದು. ಅಲ್ಲಿ ಗರ್ಭಗುಡಿಯಿಲ್ಲ, ಉಂಬಳಿಯಿಲ್ಲ, ಯಾವ ಅರಸನೂ ಅದನ್ನು ಪ್ರತಿಷ್ಠಾಪಿಸಲಿಲ್ಲ. ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸಲು ಮೊದಲಿಟ್ಟದ್ದು 2021ರಲ್ಲಿ. ಜನ ಅಷ್ಟು ಕಾಲ ಕಾಯಲಿಲ್ಲ. ರಾಜಧಾನಿ ಹೋದ ಮೇಲೆ ಜನರೇ ತಮ್ಮ ಕೈಯಾರೆ ಒಂದು ಜಾಗವನ್ನು ಪವಿತ್ರವಾಗಿಸಿಕೊಂಡರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತೋರದು.

ಆದರೆ ಅರಸರಿಲ್ಲದೆ ಈ ಗುಡಿಗಳೇ ಇರುತ್ತಿರಲಿಲ್ಲವಲ್ಲ, ಭರಮಣ್ಣ ನಾಯಕ ಕಟ್ಟಿಸದಿದ್ದರೆ ಜನ ಯಾವುದನ್ನು ಉಳಿಸಿಕೊಳ್ಳುತ್ತಿದ್ದರು, 1799ರ ನಂತರ ಮೈಸೂರು ಸಂಸ್ಥಾನದ ಮುಜರಾಯಿ, ಆಮೇಲೆ ಪುರಾತತ್ತ್ವ ಇಲಾಖೆ ಕೈಹಿಡಿಯದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಕೇಳಬಹುದು. ಕಲ್ಲಿನ ಮಟ್ಟಿಗೆ ಇದು ನಿಜ. ಕಲ್ಲು ಉಳಿಯಲು ಆಸರೆ ಬೇಕು. ಕಲ್ಲಿನಲ್ಲಿ ದೇವರು ಉಳಿಯಲು ಬೇರೇನೋ ಬೇಕು. ಅರಸನ ಧ್ವನಿಯೊಂದನ್ನೇ ನೆಚ್ಚಿದ ಧರ್ಮದ ಗತಿಯೇನಾಗುತ್ತದೆ ಎಂಬುದನ್ನು ನೋಡಲು ಈ ಜಿಲ್ಲೆಯಲ್ಲೇ ಒಂದು ಅಸಾಧಾರಣ ಸಾಕ್ಷಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಬರೆದ ಆ ಮಾತುಗಳು ತಂದೆತಾಯಿಯರ ಮಾತು ಕೇಳಿ, ಪ್ರಾಣಿಗಳ ಬಗ್ಗೆ ದಯೆಯಿರಲಿ, ಸತ್ಯ ನುಡಿಯಿರಿ ಎನ್ನುತ್ತವೆ. ನೀತಿಯ ದೃಷ್ಟಿಯಿಂದ ನೋಡಿದರೆ ತಲೆಗಳ ಗೋಪುರಕ್ಕಿಂತ ಅದೆಷ್ಟೋ ಎತ್ತರದ ಮಾತು. ಆದರೆ ಮೌರ್ಯರ ಆಡಳಿತ ಹೋದಂತೆ ಇಸಿಲವೂ ಹೋಯಿತು, ಲಿಪಿಯೂ ಮರೆತುಹೋಯಿತು, ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತರುವವರೆಗೆ ಆ ಮಾತನ್ನು ಓದುವವರು ಇರಲಿಲ್ಲ. ಆ ನೀತಿ ಸತ್ತುಹೋಯಿತೆಂದು ನಾನು ಹೇಳುವುದಿಲ್ಲ. ತಾಯಿತಂದೆಯರನ್ನು ನೋಡಿಕೊಳ್ಳುವ, ಮೂಕಪ್ರಾಣಿಗೆ ನೀರಿಡುವ ನಡತೆಯನ್ನು ಹಳ್ಳಿಗಳು ಶಾಸನ ಓದದೆಯೇ ಉಳಿಸಿಕೊಂಡಿವೆ. ಎಂದರೆ ಉಳಿದದ್ದು ಚಕ್ರವರ್ತಿಯ ಅಪ್ಪಣೆಯಲ್ಲ, ಜನರ ರೂಢಿ. ಹೊಳಲ್ಕೆರೆಯ ಬಯಲು ಗಣಪತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. 1475ರಲ್ಲಿ ಗುಲ್ಯಪ್ಪ ನಾಯಕನು ಸ್ಥಾಪಿಸಿದನೆನ್ನುವ ಆ ಎತ್ತರದ ಮೂರ್ತಿ ಬಯಲಲ್ಲಿ ಕುಳಿತ ದೇವರೆಂದೇ ಹೆಸರಾದದ್ದು. ತಿಮ್ಮಣ್ಣ ನಾಯಕ ಆ ಊರಿಗೆ ಬರುವುದಕ್ಕೂ ಮೊದಲಿನ ದೇವರು ಅದು; ವಿಜಯನಗರ, ದುರ್ಗ, ಹೈದರ್, ಟಿಪ್ಪು, ಮೈಸೂರು ಎಲ್ಲವೂ ಅದರ ಎದುರೇ ಬಂದು ಹೋದುವು.

ಇಷ್ಟರಲ್ಲಿ ಶರಣರ ಹಾದಿಯಲ್ಲಿ ಯೋಚಿಸುವವರು ಒಂದು ಬೇರೆಯೇ ತಕರಾರನ್ನು ಎತ್ತಬಹುದು, ಅದೂ ಮುರುಘಾ ಮಠ, ಸಿರಿಗೆರೆ, ಸಾಣೇಹಳ್ಳಿಗಳಿರುವ ಈ ಸೀಮೆಯಲ್ಲಿ. ಸ್ಥಾವರಕ್ಕೆ ಅಳಿವು ತಪ್ಪದು, ಜಂಗಮವೇ ನಿಜ ಎಂದು ಹನ್ನೆರಡನೆಯ ಶತಮಾನವೇ ತಿಳಿಸಿಕೊಟ್ಟ ಮೇಲೆ, ಬಿದ್ದ ಕೋಟೆಯೊಳಗಿನ ಗುಡಿಗೆ ಜೋತುಬೀಳುವುದು ಹಿಂದಕ್ಕೆ ಹೋದಂತಲ್ಲವೇ? ದುರ್ಗದ ಪತನ ಆ ತತ್ತ್ವಕ್ಕೆ ಸಿಕ್ಕ ಸಾಕ್ಷಿಯೇ ಆಗಲಿಲ್ಲವೇ? ನನಗೆ ಈ ತಕರಾರಿನ ಬಗ್ಗೆ ಗೌರವವಿದೆ, ಆದರೆ ಅದು ಗೆರೆಯನ್ನು ತಪ್ಪು ಜಾಗದಲ್ಲಿ ಎಳೆಯುತ್ತದೆ. ಗುಡಿ ಸ್ಥಾವರ, ಮಠ ಜಂಗಮ ಎಂದು ಹೇಳಲು ಬರುವುದಿಲ್ಲ. ಭರಮಣ್ಣ ನಾಯಕ ಕಟ್ಟಿಸಿದ ಬೃಹನ್ಮಠ ಕಲ್ಲು ಗಾರೆಯ ಸ್ಥಾವರವೇ. ಅದೇ ರೀತಿ ಊರದೇವತೆ ಒಂದೆಡೆ ಕೂತವಳಲ್ಲ. ದುರ್ಗದಲ್ಲಿ ಬರಗೇರಮ್ಮ ಮತ್ತು ತಿಪ್ಪಿನಘಟ್ಟಮ್ಮ ಅಕ್ಕತಂಗಿಯರು. ವರ್ಷಕ್ಕೊಮ್ಮೆ ಊರ ಬೀದಿಯಲ್ಲಿ ಅವರಿಬ್ಬರ ಭೇಟಿಯ ಉತ್ಸವ ನಡೆಯುತ್ತದೆ, ನೋಡಲು ಜನ ಕಿಕ್ಕಿರಿಯುತ್ತಾರೆ. ಅಕ್ಕ ತಂಗಿಯನ್ನು ಕಾಣಲು ಹೊರಡುವ ದೇವತೆ ಯಾವ ಕೋಟೆಗೂ ಕಾವಲಿನಾಳಲ್ಲ. ದನ ಕಾಯುವ ಮ್ಯಾಸಬೇಡರ ದೈವಗಳಂತೂ ಪೆಟ್ಟಿಗೆಯಲ್ಲಿ ಇರುವಂಥವು. ಜನ ಹೊತ್ತು ನಡೆದಲ್ಲಿಗೆ ಬರುತ್ತವೆ, ದೇವರ ಎತ್ತುಗಳ ಹಿಂದೆ ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ ಸಾಗುತ್ತವೆ. ನಾಯಕ ಮನೆತನದ ಮೂಲವೂ ಅಲ್ಲಿಯೇ. ಅರಸೊತ್ತಿಗೆ ಬಂದ ಮೇಲೆ ಆ ಮನೆತನ ನಡೆದಾಡುವ ದೇವರನ್ನು ಬಂಡೆಯ ಮೇಲೆ ಕೂರಿಸಿತು. ಬಂಡೆ ಹತ್ತದ ಹಟ್ಟಿಗಳು ಪೆಟ್ಟಿಗೆಯನ್ನು ಹಾಗೆಯೇ ಹೊತ್ತು ನಡೆದವು. ಕೋಟೆ ಬಿದ್ದಾಗ ಈ ಹಟ್ಟಿಗಳ ದೈವಗಳಿಗೆ ಬೀಳಲು ಗೋಡೆಯೇ ಇರಲಿಲ್ಲ. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಟಕಗಳನ್ನು ಹೊತ್ತು ಊರೂರು ತಿರುಗುತ್ತಿರುವುದನ್ನು ನಾವು ಜಂಗಮದ ಮಾದರಿಯೆಂದು ಸರಿಯಾಗಿಯೇ ಕೊಂಡಾಡುತ್ತೇವೆ. ಪೆಟ್ಟಿಗೆ ಹೊತ್ತು ನಡೆದವರೂ, ಅಕ್ಕತಂಗಿಯರನ್ನು ಬೀದಿಗೆ ಕರೆತಂದವರೂ ಅದೇ ಗುಣವನ್ನು ಇನ್ನೊಂದು ಭಾಷೆಯಲ್ಲಿ ಕಾಪಾಡಿಕೊಂಡವರು. ಸ್ಥಾವರ ಜಂಗಮಗಳ ಗೆರೆ ಗುಡಿಗೂ ಮಠಕ್ಕೂ ನಡುವೆ ಹಾದುಹೋಗುವುದಿಲ್ಲ. ಅಧಿಕಾರಕ್ಕಾಗಿ ಕಟ್ಟಿಹಾಕಿದ ದೇವರಿಗೂ ಜನರ ಜೊತೆ ಬಿಟ್ಟ ದೇವರಿಗೂ ನಡುವೆ ಹಾದುಹೋಗುತ್ತದೆ.

ಈವರೆಗಿನ ಆಕ್ಷೇಪಗಳಿಗೆ ಉತ್ತರವಿದೆಯೆಂದು ನಾನು ನಂಬುತ್ತೇನೆ. ಕೊನೆಯದೊಂದಿದೆ, ಅದು ಎಲ್ಲಕ್ಕಿಂತ ಭಾರವಾದದ್ದು. ದುರ್ಗವನ್ನು ಗೆದ್ದ ಮೇಲೆ ಹೈದರ್ ಮದಕರಿ ನಾಯಕನನ್ನು ಅವನ ಕುಟುಂಬದೊಂದಿಗೆ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಕಳಿಸಿದ್ದಷ್ಟೇ ಅಲ್ಲ, ಬೇಡರ ಬಲವನ್ನು ಮುರಿಯಲು ಇಪ್ಪತ್ತು ಸಾವಿರ ಜನರನ್ನು ಇಲ್ಲಿಂದ ಎಬ್ಬಿಸಿಕೊಂಡು ಹೋದನೆಂದೂ, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಮತಾಂತರಿಸಿ ಚೇಲಾ ಪಡೆಗಳನ್ನು ಕಟ್ಟಿದನೆಂದೂ ವಿಲ್ಕ್ಸ್ ಮತ್ತು ಅವನನ್ನು ಅನುಸರಿಸಿದ ಗ್ಯಾಸೆಟಿಯರ್‌ಗಳು ಹೇಳುತ್ತವೆ. ಸಂಖ್ಯೆಯನ್ನು ಇಲ್ಲಿಯೂ ಎಚ್ಚರದಿಂದಲೇ ತೆಗೆದುಕೊಳ್ಳೋಣ. ಜನರನ್ನು ಕಿತ್ತುಕೊಂಡು ಹೋದದ್ದರಲ್ಲಿ ಸಂಶಯವಿಲ್ಲ. ನಂಟು ಉಳಿಯಿತು, ಗುಡಿಯಲ್ಲಿ ದೀಪ ಉಳಿಯಿತು, ಅಕ್ಕತಂಗಿಯರು ಭೇಟಿಯಾದರು ಎಂದು ಬರೆಯುವಾಗ ನಾನು ಉಳಿದವರ ಕಡೆಯಿಂದ ಮಾತನಾಡುತ್ತಿದ್ದೇನೆ. ಹೋದವರು ಏನೆಂದುಕೊಂಡರು? ಹನ್ನೆರಡು ವರ್ಷದ ಹುಡುಗನಿಗೆ ಊರು ಹೋಯಿತು, ಹೆಸರು ಹೋಯಿತು, ದೇವರನ್ನು ಕರೆಯುವ ಮಾತೂ ಹೋಯಿತು. ಅವನ ತಾಯಿ ಕಾವೇರಿಯ ದಂಡೆಯಲ್ಲಿ ಕೂತು ಏಕನಾಥೇಶ್ವರಿ ಸೋತಳು ಎಂದಿದ್ದರೆ ಅವಳಿಗೆ ಒಡಂಬಡಿಕೆಗೂ ನಂಟಿಗೂ ಇರುವ ವ್ಯತ್ಯಾಸವನ್ನು ತಿಳಿಸಿಹೇಳುವ ಹಕ್ಕು ಯಾರಿಗೂ ಇಲ್ಲ. ನಂಟನ್ನು ಮುರಿಯಲು ಸೋಲಿನಿಂದ ಆಗದು ಎಂಬ ನನ್ನ ವಾದ ಇಲ್ಲಿಗೆ ಬಂದು ನಿಲ್ಲಬೇಕು. ಜನರನ್ನೇ ಕಿತ್ತರೆ ಅದು ಮುರಿಯುತ್ತದೆ, ಮುರಿಯಿತು ಕೂಡ.

ಹಾಗೆಂದು ವಾದ ಬಿದ್ದುಹೋಗುವುದಿಲ್ಲ, ಅದರ ತೂಕ ಬೇರೆ ಕಡೆ ವಾಲುತ್ತದೆ. ದೇವಿಯ ನೆಲೆ ಕೋಟೆಯ ಗೋಡೆಯಲ್ಲಿರದೆ ಜನರಲ್ಲಿದ್ದರೆ, 1779ರ ನಿಜವಾದ ಅಪಚಾರ ಕಲ್ಲಿಗೆ ಆದದ್ದಲ್ಲ. ಹೊತ್ತೊಯ್ದ ಜನರಿಗೆ ಆದದ್ದು. ಕೋಟೆಯ ಬಗ್ಗೆ ಮಾತನಾಡುವಾಗ ನಾವು ಇದನ್ನು ಎಷ್ಟು ಹಿಂದಕ್ಕೆ ತಳ್ಳಿದ್ದೇವೆ ಎಂಬುದು ನನ್ನನ್ನು ಕಾಡುತ್ತದೆ. ಹಳೆಯ ಗ್ಯಾಸೆಟಿಯರ್ ಎಣಿಸಿಕೊಟ್ಟ 19 ಬಾಗಿಲು, 38 ದಿಡ್ಡಿ, 35 ಕಳ್ಳಗಂಡಿಗಳು ನಮಗೆ ಬಾಯಿಪಾಠ. ಗೋಪಾಲಸ್ವಾಮಿ ಹೊಂಡದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುವ ಜಾಣ್ಮೆಯನ್ನು ಹೆಮ್ಮೆಯಿಂದ ವಿವರಿಸುತ್ತೇವೆ, ವಿವರಿಸಬೇಕು. ಇಪ್ಪತ್ತು ಸಾವಿರ ಜನ ಯಾವ ದಾರಿಯಲ್ಲಿ ಹೋದರು, ಎಷ್ಟು ಮಂದಿ ತಲುಪಿದರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಯಾರಾದರೂ ಹಿಂತಿರುಗಿದರೇ ಎಂಬುದನ್ನು ಅಷ್ಟೇ ಕಾಳಜಿಯಿಂದ ಕೇಳುವುದಿಲ್ಲ. ಹಟ್ಟಿಗಳ ಹಾಡುಗಳಲ್ಲಿ, ಗುಡಿಕಟ್ಟುಗಳ ನೆನಪಿನಲ್ಲಿ, ಮೈಸೂರಿನ ಕಡತಗಳಲ್ಲಿ ಹುಡುಕಬೇಕಾದ ಕೆಲಸ ಅದು. ಬೆಟ್ಟದ ದೇವರುಗಳ ಚರಿತ್ರೆ ಬರೆಯುವವರು ಮೊದಲು ಆ ಕೆಲಸಕ್ಕೆ ಕೈಹಾಕಬೇಕು. ಏಕನಾಥೇಶ್ವರಿಯ ಭಕ್ತರ ಪಟ್ಟಿಯಲ್ಲಿ ಕಾವೇರಿಯ ದ್ವೀಪದಲ್ಲಿ ಬೇರೆ ಹೆಸರು ಹೊತ್ತು ಸತ್ತವರೂ ಸೇರುತ್ತಾರೆ.